ಟಾಕಾ ಇಲ್ಲದ ಗಾದಿ

ನಮ್ಮ ಮನೆಯಲ್ಲಿ ಅನ್ನದ ಗಡಿಗೆಯ ಮುಚ್ಚಳ ತೆಗೆಯುವ ಮೊದಲು ಪಡಸಾಲೆಯ ಬಾಗಿಲು ಹಾಕಬೇಕಿತ್ತು. ಮರೆತು ತೆಗೆದರೆ ಹತ್ತಿಯ ಎಳೆಗಳು ಹಾರಿ ಬಂದು ಬಿಸಿ ಉಗಿಗೆ ಅಂಟಿಕೊಂಡು, ಅನ್ನದ ಮೇಲೆ ಬೂಷ್ಟು ಬಂದ ಹಾಗೆ ಕಾಣುತ್ತಿತ್ತು. ದಾವಣಗೆರೆಯ ಆನೆಕೊಂಡದ ಕಡೆ ಒಂದು ಓಣಿಯಲ್ಲಿ ನಮ್ಮ ಮನೆ. ಮುಂದೆ ಪಡಸಾಲೆ, ನಡುವೆ ಒಂದು ಕೋಣೆ, ಹಿಂದೆ ಅಡಿಗೆಮನೆ. ಪಡಸಾಲೆ ಅಪ್ಪನದು. ನಾವು ಪಿಂಜಾರರು. ಮಿಲ್ಲುಗಳ ಊರಲ್ಲಿ ಅರಳೆಗೆ ಬರವಿರಲಿಲ್ಲ. ಅದನ್ನು ಬಡಿದು ಬಿಡಿಸಿ ಗಾದಿ, ದಿಂಬು ಹೊಲಿದುಕೊಡುವುದು ನಮ್ಮ ಕೆಲಸ. ತೊಲೆಗೆ ಕಟ್ಟಿದ ಹಗ್ಗದಲ್ಲಿ ಅಪ್ಪನ ಬಿಲ್ಲು ತೂಗುತ್ತಿತ್ತು, ಆಳುದ್ದದ್ದು, ನರದ ತಂತಿ ಬಿಗಿದದ್ದು. ಮರದ ಕೊಡತಿಯಿಂದ ಆ ತಂತಿಗೆ ಒಂದು ಏಟು ಹಾಕಿದರೆ ಟಂಯ್ ಅಂತ ಇಡೀ ಓಣಿಗೆ ಕೇಳುತ್ತಿತ್ತು. ಉಂಡೆಗಟ್ಟಿದ ಅರಳೆ ತಂತಿಯ ನಡುಕಕ್ಕೆ ಸಿಕ್ಕಿ, ನೊರೆಯ ಹಾಗೆ ಎದ್ದು ಬೀಳುತ್ತಿತ್ತು. ಅಪ್ಪನ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ತೀರ ಚಿಕ್ಕವನಿದ್ದಾಗ ಅಪ್ಪನನ್ನು ಮುದುಕ ಎಂದೇ ತಿಳಿದಿದ್ದೆ. ಸಂಜೆ ಮೈ ತೊಳೆದುಕೊಂಡು ಬಂದಾಗ ಯಾರೋ ಕಪ್ಪು ಮೀಸೆಯವನು ಊಟಕ್ಕೆ ಬಂದು ಕೂತ ಹಾಗಾಗಿ ಅವ್ವನ ಸೆರಗು ಹಿಡಿಯುತ್ತಿದ್ದೆನಂತೆ. ಅವ್ವ ಮತ್ತು ಅಪ್ಪನ ಜಗಳ ದಿನಾ ಒಂದೇ, ದಿನಾ ಹೊಸದು.

“ನಿಮ್ಮ ಬಿಲ್ಲು ಒಂದು ಗಳಿಗೆ ಸುಮ್ನಿದ್ರೆ ಮಕ್ಳು ಅನ್ನ ಉಣ್ತಾವೆ. ಇಲ್ದಿದ್ರೆ ಹತ್ತಿ ಉಣ್ತಾವೆ.”

“ಉಣ್ಲಿ ಬಿಡು. ಮೆತ್ತಗಾಗ್ತಾವೆ.”

“ನೀವು ಇಷ್ಟು ವರ್ಷ ಉಂಡೀರಲ್ಲ, ಎಲ್ಲಿ ಮೆತ್ತಗಾಗೀರಿ?”

ಅಪ್ಪನ ಹೆಸರು ಇಮಾಮಸಾಬ. ಮಾತು ಕಡಿಮೆ, ಸಿಟ್ಟು ಕಡಿಮೆ, ಹೊಲಿಗೆಯ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗದವನು. ಗಾದಿಯ ಮೇಲಿನಿಂದ ದಬ್ಬಣ ಚುಚ್ಚಿ, ಕೆಳಗೆ ಎಳೆದು, ಮತ್ತೆ ಮೇಲಕ್ಕೆ ತಂದು ಗಂಟು ಬಿಗಿಯುವುದಕ್ಕೆ ನಾವು ಟಾಕಾ ಅನ್ನುತ್ತೇವೆ. ಟಾಕಾ ಹಾಕಿದಲ್ಲಿ ಗಾದಿ ಒಳಗೆ ತಗ್ಗಿ ಕುಳಿ ಬೀಳುತ್ತದೆ. ಗೇಣಿಗೊಂದು ಟಾಕಾ, ಅದು ಅಪ್ಪನ ಕಟ್ಟುನಿಟ್ಟು. ಬೇರೆಯವರು ಮೊಳಕ್ಕೊಂದು ಹಾಕಿ ಬೇಗ ಮುಗಿಸುತ್ತಿದ್ದರು. ಅಪ್ಪ ಒಂದು ಗಾದಿಗೆ ಇಡೀ ದಿನ ಹಿಡಿದರೂ ಗೇಣು ಬಿಡುತ್ತಿರಲಿಲ್ಲ. ಶಾಮನೂರಿನ ರೈತರ ಮನೆಗಳಲ್ಲಿ, ಹರಿಹರದ ಅಂಗಡಿಕಾರರ ಮನೆಗಳಲ್ಲಿ ‘ಇಮಾಮಸಾಬನ ಗಾದಿ’ ಅಂದರೆ ಮತ್ತೆ ಮಾತಿಲ್ಲ. ಆ ಹೆಸರು ನಮ್ಮ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಇತ್ತು.

ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಮೇಷ್ಟ್ರು ಒಂದು ದಿನ, ತಲೆಯಲ್ಲಿರುವ ಹತ್ತಿ ಝಾಡಿಸಿಕೊಂಡು ಒಳಗೆ ಬಾ ಎಂದು ಹೊರಗೆ ನಿಲ್ಲಿಸಿದರು. ಹುಡುಗರು ನಕ್ಕರು. ನಾನು ಹೊರಗೆ ಹೋದವನು ಝಾಡಿಸಿಕೊಳ್ಳಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ನೆಟ್ಟಗೆ ಮನೆಗೆ ಬಂದು ಅಪ್ಪನ ಎದುರು ಅರಳೆ ಬಿಡಿಸಲು ಕೂತೆ. ಅವ್ವ ಎರಡು ದಿನ ಅತ್ತಳು. ಅಪ್ಪ ಹೋಗು ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ, ಒಂದು ದಬ್ಬಣ ನನ್ನ ಕಡೆ ಸರಿಸಿದ. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ನನ್ನ ಕೈಯಿಂದ ದುಡಿದು ತಿಂದಿದ್ದೇನೆ, ಯಾರ ಮುಂದೆಯೂ ಕೈ ಚಾಚಿಲ್ಲ. ಈಗ ನನ್ನ ಕಾರ್ಖಾನೆಗೆ ಸೋಫಾ, ಕುರ್ಚಿ ಮಾಡಿಸಲು ಬರುವ ಓದಿದ ಹುಡುಗರು ‘ನಿಮಗೆ ಈ ಡಿಸೈನ್ ಎಲ್ಲಾ ಎಲ್ಲಿಂದ ಹೊಳೀತದೆ’ ಎಂದು ಕೇಳುತ್ತಾರೆ. ಕಣ್ಣು ತೆರೆದರೆ ಹೊಳೀತದೆ ಎಂದು ಹೇಳಿ ಕಳಿಸುತ್ತೇನೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ, ಅದಕ್ಕೇ ನನ್ನ ಕಥೆಯ ಈ ಅಧ್ಯಾಯ ಬರೆಯುತ್ತಿದ್ದೇನೆ.

ಕಣ್ಣು ತೆರೆಸಿದವನು ಜಯಣ್ಣ. ಪೇಟೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಅಲ್ಲಿಯ ಕುರ್ಚಿಗೆ ದಿಂಬು ಹೊಲಿದುಕೊಟ್ಟು ಬರಲು ಹೋದವನು ಆಮೇಲೆ ಕೆಲಸವಿಲ್ಲದಿದ್ದರೂ ಹೋಗುತ್ತಿದ್ದೆ. ಮದುವೆಯ ಜೋಡಿಗಳನ್ನು ಅವನು ಕೂರಿಸುವ ರೀತಿ, ಕಿಟಕಿಯ ಪರದೆಯನ್ನು ನಾಲ್ಕು ಬೆರಳು ಸರಿಸಿ ಮುಖದ ಮೇಲೆ ಬೆಳಕು ಬೀಳಿಸುವ ರೀತಿ ನೋಡುತ್ತ ನಿಲ್ಲುತ್ತಿದ್ದೆ.

“ಮುಖ ನೋಡಬ್ಯಾಡಲೇ,” ಅನ್ನುತ್ತಿದ್ದ. “ಮುಖ ಎಲ್ರಿಗೂ ಐತೆ. ನೆರಳು ಎಲ್ಲಿ ಬಿದ್ದೈತೆ ನೋಡು. ಕಣ್ಣು ಅರ್ಧ ಮುಚ್ಚಿ ನೋಡು.”

ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ಕಲಿತ ಮೇಲೆ ನನ್ನ ಮನೆಯೇ ನನಗೆ ಬೇರೆಯಾಯಿತು. ಸಂಜೆ ಬಾಗಿಲಿನಿಂದ ಬಿಸಿಲು ಓರೆಯಾಗಿ ಬಂದಾಗ ಅಪ್ಪನ ಗಾದಿಯ ಒಂದೊಂದು ಕುಳಿಯಲ್ಲೂ ಒಂದೊಂದು ಬಟ್ಟಲು ನೆರಳು ತುಂಬಿರುತ್ತಿತ್ತು. ಅವ್ವ ರೊಟ್ಟಿಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ತಿರುಗಿಸಿ ಜೋಡಿಸುತ್ತಿದ್ದಳು. ಆ ಅಂಚುಗಳ ಸಾಲನ್ನು ಎಷ್ಟು ಹೊತ್ತು ನೋಡಿದರೂ ಸಾಕಾಗುತ್ತಿರಲಿಲ್ಲ. ಪಕ್ಕದ ಮನೆಯ ಗಂಗಮ್ಮ ಹಾಕುವ ಚುಕ್ಕಿ ರಂಗೋಲಿ, ಮಿಲ್ಲಿನ ಗರಗಸದ ಹಲ್ಲಿನಂಥ ಮಾಡು, ಗಾದಿಯ ಬಟ್ಟೆಯ ನೀಲಿ ಬಿಳಿ ಪಟ್ಟೆ, ಎಲ್ಲದರಲ್ಲೂ ಯಾರೋ ಲೆಕ್ಕ ಹಾಕಿ ಇಟ್ಟಂಥದ್ದೇನೋ ಕಾಣತೊಡಗಿತು. ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ. ಅವ್ವ ಬೈದು ಅದರ ಮೇಲೆ ಸುಣ್ಣ ಬಳಿದಳು. ಮತ್ತೆ ಎಳೆದೆ. ಮೂರನೇ ಸಲ ಅವಳೇ ಬಿಟ್ಟಳು.

ಜಯಣ್ಣನ ಹತ್ತಿರ ವಿದೇಶದ ಹಳೆಯ ಪತ್ರಿಕೆಗಳ ಒಂದು ಕಟ್ಟು ಇತ್ತು. ಹರಿಹರದ ಕಾರ್ಖಾನೆಗೆ ಬಂದಿದ್ದ ಯಾರೋ ಎಂಜಿನಿಯರ್ ಊರು ಬಿಡುವಾಗ ಕೊಟ್ಟು ಹೋದದ್ದಂತೆ. ಅದರಲ್ಲಿ ಒಂದು ಕೋಣೆಯ ಫೋಟೋ. ಗೋಡೆ ಖಾಲಿ. ಸಣ್ಣ ಕಾಲುಗಳ ತಗ್ಗು ಮಂಚ. ಅದರ ಮೇಲೆ ಒಂದು ಗಾದಿ, ಹಲಗೆ ಕೊಯ್ದಿಟ್ಟ ಹಾಗೆ. ನಾಲ್ಕೂ ಅಂಚು ನೆಟ್ಟಗೆ, ಮೂಲೆಗಳು ಚೂಪು, ಮೇಲೆ ಒಂದು ಕುಳಿಯಿಲ್ಲ, ಒಂದು ಗಂಟಿಲ್ಲ, ನಿಂತ ನೀರಿನ ಹಾಗೆ ಸಮ. ಅಪ್ಪನ ಗಾದಿಗಳನ್ನು ನೋಡಿ ಬೆಳೆದ ನನಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ನಾವು ಮಾಡುವುದೆಲ್ಲ ಹಳ್ಳಿಯದು, ಗಂಟುಗಂಟಿನದು, ಗಾದಿ ಎಂದರೆ ಇದು ಅನ್ನಿಸಿತು. ಜಯಣ್ಣನನ್ನು ಕಾಡಿ ಆ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ ತಂದೆ. ಅಪ್ಪನಿಗೆ ತೋರಿಸಿದೆ. ಅವನು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇದರೊಳಗೆ ಏನೈತೆ?” ಎಂದು ಕೇಳಿದ. ನಾನು, “ಇನ್ನೇನಿರ್ತದೆ ಅಪ್ಪ, ಅರಳೆ” ಎಂದೆ.

ನನಗೆ ಹದಿನಾರು ತುಂಬಿದಾಗ ಅಕ್ಕ ಮಾಬವ್ವನಿಗೆ ಹರಿಹರದಲ್ಲಿ ಗಂಡು ಗೊತ್ತಾಯಿತು. ಅವರೂ ನಮ್ಮವರೇ, ಆದರೆ ಬಿಲ್ಲು ಬಿಟ್ಟು ಎರಡು ತಲೆಮಾರಾಗಿತ್ತು. ಹುಡುಗ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಮ್ಮವರಲ್ಲಿ ಮಗಳ ಮದುವೆಯ ಗಾದಿಯನ್ನು ಅಪ್ಪನಾದವನೇ ಮಾಡಬೇಕು. ಅರಳೆ ಬಡಿಯುವುದರಿಂದ ಕೊನೆಯ ಗಂಟಿನವರೆಗೆ ಇನ್ನೊಬ್ಬರ ಕೈ ತಾಗಿಸುವುದಿಲ್ಲ. ಗಂಡಿನ ಮನೆಯವರು ಗಾದಿಯ ಮೇಲೆ ಅಂಗೈ ಆಡಿಸಿ, ಬೀಗರ ಕೈ ಹೆಂಗೈತೆ ಎಂದು ನೋಡುತ್ತಾರೆ. ಆ ಗಾದಿಯನ್ನು ನಾನು ಹೊಲಿಯುತ್ತೇನೆ ಎಂದು ಹಟ ಹಿಡಿದೆ. ಊಟಕ್ಕೆ ಕೂತಾಗ ಹೇಳಿದೆ. ಅವ್ವ ಸೌಟು ಕೆಳಗಿಟ್ಟಳು.

“ಬ್ಯಾಡ. ಪದ್ಧತಿ ಅಲ್ಲ ಅದು. ಜನ ಏನಂತಾರೆ?”

“ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ರೆ ಹೇಳ್ರಿ. ನಾಳೆಯಿಂದ ಮಿಲ್ಲಿಗೆ ಹೋಗ್ತೀನಿ. ದಬ್ಬಣ ಮುಟ್ಟಲ್ಲ.”

“ನೋಡ್ರಿ ನಿಮ್ಮ ಮಗನ್ನ! ಮೀಸೆ ಬರೋಕೆ ಮುಂಚೆ ಸೊಕ್ಕು ಬಂದೈತೆ.”

ಅಪ್ಪ ತುತ್ತು ನುಂಗಿ, ನೀರು ಕುಡಿದು, “ಅರಳೆ ನಾನು ಬಡೀತೀನಿ,” ಎಂದ. “ಹೊಲಿಗೆ ಅವನು ಹಾಕ್ಲಿ. ಗೇಣಿಗೊಂದು ಟಾಕಾ. ತಿಳೀತಾ?”

ತಿಳಿಯಿತು ಎಂದೆ. ಮೂರು ದಿನ ಬಡಿದು ಬಿಡಿಸಿದ ಅರಳೆಯನ್ನು ನನಗೆ ಒಪ್ಪಿಸಿ ಅಪ್ಪ ಕಡರನಾಯಕನಹಳ್ಳಿಗೆ ಒಪ್ಪಿಕೊಂಡಿದ್ದ ಕೆಲಸಕ್ಕೆ ಹೋದ. ನಾನು ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಕೂತೆ. ಅಂಚುಗಳಿಗೆ ಅರಳೆಯನ್ನು ಹುರಿಯ ಹಾಗೆ ಗಟ್ಟಿಯಾಗಿ ಸುತ್ತಿ, ಸುತ್ತಲೂ ಎರಡು ಸಾಲು ಹೊಲಿಗೆ ಬಿಗಿದೆ. ಗಾದಿಯ ಅಂಚು ಹಲಗೆಯ ಹಾಗೆ ನೆಟ್ಟಗೆ ನಿಂತಿತು. ಅಂಥದ್ದನ್ನು ನಮ್ಮ ಓಣಿಯಲ್ಲಿ ಯಾರೂ ಮಾಡಿರಲಿಲ್ಲ. ನಡುವೆ ಟಾಕಾ ಹಾಕುವ ಹೊತ್ತು ಬಂದಾಗ ಕೈ ಬರಲಿಲ್ಲ. ಆ ಸಮವಾದ ಬಟ್ಟೆಗೆ ದಬ್ಬಣ ಚುಚ್ಚಿ ಕುಳಿ ಮಾಡುವುದು ಪಾಪ ಅನ್ನಿಸಿತು. ಫೋಟೋದಲ್ಲಿ ಒಂದೂ ಇಲ್ಲವಲ್ಲ ಎಂದುಕೊಂಡು ಒಂದೂ ಹಾಕಲಿಲ್ಲ. ಆ ವಿದೇಶದ ಗಾದಿಯ ಹೊಟ್ಟೆಯಲ್ಲಿದ್ದದ್ದು ಅರಳೆಯಲ್ಲ, ಕಬ್ಬಿಣದ ಸುರುಳಿಗಳು ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಅಂಥದ್ದೊಂದನ್ನು ರಿಪೇರಿಗೆ ಬಿಚ್ಚಿದಾಗ. ಫೋಟೋ ಹೊರಗಿನದನ್ನು ಮಾತ್ರ ತೋರಿಸುತ್ತದೆ ಎಂಬಷ್ಟು ಬುದ್ಧಿ, ಗಾದಿಯ ಒಳಗಿನ ಕೆಲಸವನ್ನೇ ಮಾಡಿಕೊಂಡು ಬೆಳೆದ ನನಗೆ ಇರಲಿಲ್ಲ.

ಅಪ್ಪ ಬಂದವನು ಚಪ್ಪಲಿ ಬಿಡುವ ಮೊದಲೇ ಗಾದಿ ನೋಡಿದ. ಅಂಚಿನ ಮೇಲೆ ಬೆರಳು ಓಡಿಸಿದ. ನಡುವೆ ಅಂಗೈ ಊರಿ ಒತ್ತಿದ.

“ಚಂದ ಐತೆ,” ಎಂದ. “ಟಾಕಾ ಎಲ್ಲಿ?”

“ಅಷ್ಟು ಬಿಗಿ ತುಂಬೀನಿ, ಅಲ್ಲಾಡಲ್ಲ ಅಪ್ಪ.”

“ಅರಳೆ ನಿನ್ನ ಮಾತು ಕೇಳಲ್ಲ. ತಾ ದಬ್ಬಣ.”

ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು ಗಾದಿಗೆ ಅಡ್ಡ ಕೂತಳು. ಎರಡು ದಿನದಿಂದ ಓಣಿಯ ಹುಡುಗಿಯರನ್ನೆಲ್ಲ ಕರೆದು ಅದನ್ನು ತೋರಿಸಿದ್ದಳು. “ಬ್ಯಾಡ ಅಪ್ಪ, ಚುಚ್ಚಬ್ಯಾಡ. ನಂಗೆ ಹಿಂಗೇ ಇರ್ಲಿ. ಇಂಥದ್ದು ಹರಿಹರದಾಗೆ ಯಾರ ಮನೇಲೂ ಇಲ್ಲ,” ಎಂದು ಕಣ್ಣಲ್ಲಿ ನೀರು ತಂದಳು. ನಾಳಿದ್ದು ಮದುವೆ. ಮಗಳು ಏನನ್ನೂ ಕೇಳಿದವಳಲ್ಲ. ಅಪ್ಪ ನನ್ನನ್ನು ನೋಡಿದ, ಅವಳನ್ನು ನೋಡಿದ, ಕೈ ಹಿಂದಕ್ಕೆ ತೆಗೆದ. ಮದುವೆಯ ದಿನ ಹರಿಹರದವರು ಗಾದಿಯ ಮೇಲೆ ಅಂಗೈ ಆಡಿಸಿ, “ಬೀಗರ ಕೈ ಅಂದ್ರೆ ಕೈ” ಎಂದು ಹೊಗಳಿದರು. ನಾನು ಕಂಬಕ್ಕೆ ಒರಗಿ ಆ ಹೊಗಳಿಕೆಯನ್ನೆಲ್ಲ ಒಳಗೇ ತೆಗೆದುಕೊಂಡೆ.

ಎರಡು ತಿಂಗಳಿಗೆ ಹೇಳಿಕಳಿಸಿದರು. ಗಾದಿ ಒಂದು ಸಲ ನೋಡಿಹೋಗಿ ಎಂದಷ್ಟೇ. ಅಪ್ಪ ಮಾರನೆಯ ಬೆಳಿಗ್ಗೆ ಬಿಲ್ಲು ಹೆಗಲಿಗೇರಿಸಿ, ನನಗೆ ದಬ್ಬಣ, ದಾರ ಕೊಟ್ಟು ಕರಕೊಂಡು ರೈಲು ಹತ್ತಿದ. ಹರಿಹರದಲ್ಲಿ ಹೊಳೆಯ ಕಡೆಯ ಓಣಿಯಲ್ಲಿ ಅವರ ಮನೆ. ಗಾದಿಯನ್ನು ಅಂಗಳಕ್ಕೆ ತಂದು ಹಾಸಿಟ್ಟಿದ್ದರು, ಹೋಗಿಬರುವವರಿಗೆಲ್ಲ ಕಾಣುವ ಹಾಗೆ. ಅರಳೆಯೆಲ್ಲ ಎರಡು ಪಕ್ಕಕ್ಕೆ ಸರಿದು ಗುಡ್ಡೆಯಾಗಿತ್ತು. ನಡುವೆ ಬರೀ ಎರಡು ಪದರ ಬಟ್ಟೆ. ನಾನು ಹೊಲಿದ ಅಂಚು ಮಾತ್ರ ಸುತ್ತಲೂ ನೆಟ್ಟಗೆ ನಿಂತು, ಒಳಗಿನ ಹಾಳನ್ನು ಇನ್ನಷ್ಟು ಎತ್ತಿ ತೋರಿಸುತ್ತಿತ್ತು. ಅಕ್ಕನ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

“ಬರ್ರಿ ಬೀಗರೆ, ಬರ್ರಿ. ನಿಮ್ಮ ಗಾದಿ ತುಂಗಭದ್ರೆ ಆಗೈತೆ ನೋಡ್ರಿ. ನಡುವೆ ಹೊಳೆ, ಎರಡೂ ಕಡೆ ದಂಡೆ. ನನ್ನ ಮಗ ಒಂದು ದಂಡೆ, ನಿಮ್ಮ ಮಗಳು ಒಂದು ದಂಡೆ.”

ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಬ್ಬಳು, “ಗಾದಿ ಮಾಡೋರ ಮನೆ ಹೆಣ್ಣು ತಂದು ಚಾಪೆ ಮೇಲೆ ಮಲಗೋ ಹಂಗಾತಲ್ಲವ್ವ” ಎಂದಳು. ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಈ ಎರಡು ತಿಂಗಳು ಇಂಥ ಮಾತು ಅವಳು ಎಷ್ಟು ಕೇಳಿರಬೇಕು ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಕ್ಕನ ಮಾವ ಒಳ್ಳೆಯ ಮನುಷ್ಯ. ಹೆಂಡತಿಗೆ ಸುಮ್ಮನಿರು ಎಂದು ಕೈಮಾಡಿ, ಅಪ್ಪನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

“ಬೀಗರೆ, ತಪ್ಪು ತಿಳೀಬ್ಯಾಡ್ರಿ. ಇದು ನಿಮ್ಮ ಕೈಯೇನಾ? ನಂಗ್ಯಾಕೋ ನಂಬಿಕೆ ಬರ್ತಿಲ್ಲ.”

ನನ್ನ ಬಾಯಿಗೆ ಮಾತು ಬಂದಿತ್ತು. ಬಂದಿತ್ತು ಎಂದು ಈ ಅರವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುತ್ತ ಅಷ್ಟು ಹೆಂಗಸರು, ನಗು, ಶಾಲೆಯ ಬಾಗಿಲಲ್ಲಿ ನಿಂತಾಗಿನ ಹಾಗೆ ಕಿವಿ ಕಾದು ಹೋಗಿತ್ತು. ನಾನು ಬಗ್ಗಿ ದಾರದ ಉಂಡೆ ಬಿಚ್ಚತೊಡಗಿದೆ.

“ನಂದೇ ಕೈ,” ಎಂದ ಅಪ್ಪ. “ಕಣ್ಣು ಮೊದಲಿನಂಗಿಲ್ಲ ಬೀಗರೆ. ಮದುವೆ ಗದ್ದಲದಾಗೆ ಟಾಕಾ ಮರೆತೆ.”

ಇಮಾಮಸಾಬ ಟಾಕಾ ಮರೆತ ಎಂದು ಅವನೇ ತನ್ನ ಬಾಯಿಂದ ಹೇಳಿದ. ಹೇಳಿ, ಅಂಗಳದ ಚಪ್ಪರದ ಗಳಕ್ಕೆ ಹಗ್ಗ ಕಟ್ಟಿ ಬಿಲ್ಲು ತೂಗುಬಿಟ್ಟು, ಗಾದಿಯ ಒಂದು ಪಕ್ಕ ಬಿಚ್ಚಿ ಅರಳೆ ಹೊರಗೆಳೆದು ಬಡಿಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ತುಂಬಿ ಮುಗಿಸಿ ದಬ್ಬಣವನ್ನು ನನ್ನ ಕಡೆ ಚಾಚಿದ. ಗೇಣು ಹಾಕಿ ಗುರುತು ಮಾಡುತ್ತ ಅವನು ಮುಂದೆ ಮುಂದೆ ಹೋದ, ನಾನು ಟಾಕಾ ಹಾಕುತ್ತ ಹಿಂದೆ ಹಿಂದೆ ಹೋದೆ. ಅಷ್ಟು ಚೆನ್ನಾಗಿ ನಾನು ಅದುವರೆಗೆ ಹೊಲಿದಿರಲಿಲ್ಲ. ಪ್ರತಿ ಗಂಟನ್ನೂ ಮಾತನಾಡುವ ಬದಲಿಗೆ ಬಿಗಿದೆ. ಮಾವ ತಲೆದೂಗಿದ.

“ಹುಡುಗನ ಕೈ ನೋಡೇ. ಒಂದೊಂದೂ ತಕ್ಕಡೀಲಿ ತೂಗಿ ಇಟ್ಟಂಗೈತೆ. ಬೀಗರೆ, ಇನ್ನು ನೀವು ಆರಾಮಾಗಿ ಕೂತು ಉಣ್ರಿ. ದಬ್ಬಣ ಇವನ ಕೈಗೆ ಕೊಟ್ಟುಬಿಡ್ರಿ.”

“ಹೌದ್ರಿ. ಕೊಡ್ಬೇಕು,” ಎಂದ ಅಪ್ಪ.

ಅಕ್ಕ ಚಹಾ ತಂದಳು. ಬಟ್ಟಲು ನನ್ನ ಮುಂದೆ ಇಡುವಾಗ ಬಗ್ಗಿದವಳು, ನನಗೊಬ್ಬನಿಗೇ ಕೇಳುವ ಹಾಗೆ, “ಬಾಯಿ ಸತ್ತೈತೇನೋ ನಿಂದು?” ಎಂದಳು.

“ಅಪ್ಪನೇ ಹೇಳಿದ್ನಲ್ಲ.”

“ಅಪ್ಪ ಹೇಳ್ತಾನೆ. ನೀನು?”

ಚುಚ್ಚಬೇಡ ಎಂದು ಅಡ್ಡ ಕೂತವಳು ನೀನೇ ಅಲ್ಲವೇ ಎಂದು ಕೇಳಬೇಕೆನಿಸಿತು. ಚಹಾ ಕುಡಿದೆ.

ವಾಪಸ್ಸು ರೈಲಿನಲ್ಲಿ ಅಪ್ಪ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದು, ಊರು ಇನ್ನೇನು ಬಂತು ಎನ್ನುವಾಗ ತಿರುಗಿ, “ಆ ಅಂಚು ಬಿಡಬ್ಯಾಡ,” ಎಂದ. “ಅಂಚಿನ ಹೊಲಿಗೆ ಚಲೋ ಹಾಕೀಯ. ನಂಗೆ ಬರಲ್ಲ ಅದು. ನಡುವೆ ಟಾಕಾ ಹಾಕು, ಅಂಚು ನಿಂದೇ ಇಟ್ಕ.” ಇವತ್ತು ನನ್ನ ಕಾರ್ಖಾನೆಯಿಂದ ಹೊರಡುವ ಪ್ರತಿ ಸೋಫಾದ ಅಂಚು ಅದೇ. ಜನ ಅದನ್ನು ನನ್ನ ಡಿಸೈನ್ ಅನ್ನುತ್ತಾರೆ. ಅವತ್ತು ಮನೆಗೆ ಬಂದ ಮೇಲೆ, ಹರಿಹರದಲ್ಲಿ ನಡೆದದ್ದನ್ನು ಅಪ್ಪನೇ ನಾಲ್ಕು ಮಾತಿನಲ್ಲಿ ಹೇಳಿದಾಗ ಅವ್ವ ಸುಮ್ಮನಿರಲಿಲ್ಲ.

“ಮಾಡಿದೋನು ಅವನು, ತಲೆ ಬಗ್ಗಿಸಿದೋರು ನೀವು. ಯಾಕ್ರೀ? ಹುಟ್ಟಿದಾಗಿಂದ ಕಟ್ಟಿದ ಹೆಸರು.”

“ಹದಿನಾರು ವರ್ಷಕ್ಕೆ ಹೆಸರು ಕೆಟ್ರೆ ಅವನು ಯಾವಾಗ ಕಟ್ಕಳ್ತಾನೆ? ನಂದು ಕಟ್ಟಿ ಮುಗಿದೈತೆ. ಅನ್ನ ಹಾಕು.”

ಹೆಸರು ಕಟ್ಟಿ ಮುಗಿಯುವಂಥದ್ದಲ್ಲ ಎಂದು ವರ್ಷದೊಳಗೇ ತಿಳಿಯಿತು. ಹರಿಹರದಿಂದ ವರ್ಷಕ್ಕೆರಡು ಸಲ ತಪ್ಪದೆ ಬರುತ್ತಿದ್ದ ಅಂಗಡಿಕಾರರು ಆ ವರ್ಷ ಬರಲಿಲ್ಲ. ಶಾಮನೂರಿನ ಒಬ್ಬರು ಗಾದಿ ಹೊಲಿಸಲು ಕೊಟ್ಟವರು, ಮುಗಿಯುವವರೆಗೆ ಪಕ್ಕದಲ್ಲೇ ಕೂತು ಟಾಕಾ ಎಣಿಸಿದರು. ಅಪ್ಪನ ಪಕ್ಕದಲ್ಲಿ ಹಾಗೆ ಯಾರಾದರೂ ಕೂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಅವನು ಅವರಿಗೆ ಕಾಣುವ ಹಾಗೆ ಗಾದಿ ಓರೆ ಮಾಡಿಕೊಂಡು ಹೊಲಿದ.

ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಒಬ್ಬ ಬಂದ. ಅಪ್ಪ ಕಟ್ಟೆಯ ಮೇಲೆ ಕೂತು ಬಿಲ್ಲಿನ ತಂತಿಗೆ ಎಣ್ಣೆ ಸವರುತ್ತಿದ್ದ. ನಾನು ಪಡಸಾಲೆಯಲ್ಲಿ, ಬಾಗಿಲ ಹಿಂದೆ.

“ಇಮಾಮಸಾಬರ ಮನೆ ಇದೇನ್ರಿ? ಹರಿಹರದಿಂದ ಬಂದೀನಿ. ಕಾರ್ಖಾನೆ ಸಾಹೇಬ್ರ ಬಂಗಲೆಗೆ ಗಾದಿ ಆಗ್ಬೇಕಿತ್ತು.”

ಅಪ್ಪ ಕೈ ಒರೆಸಿಕೊಂಡು ಎದ್ದು ನಿಂತ. “ಹೌದ್ರಿ, ನಾನೇ. ಬರ್ರಿ, ಕೂಡ್ರಿ.”

“ನೀವಲ್ರಿ. ನಿಮ್ಮ ಮಗ ಇದಾನಂತಲ್ಲ, ಅವನು ಬೇಕು. ಅಪ್ಪನ ಕೈಗೆ ಕೊಡಬ್ಯಾಡ, ಮಗನ ಕೈಗೇ ಕೊಟ್ಟು ಬಾ ಅಂತ ಹೇಳಿ ಕಳಿಸ್ಯಾರೆ.”

ಬಾಗಿಲ ಸಂದಿಯಿಂದ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಒಳಗೆ ತಿರುಗಿದ. ಯಾವಾಗಲೂ ಲೇ ಎಂದು ಕರೆಯುತ್ತಿದ್ದವನು, “ಹುಸೇನಿ, ಬಾರಪ್ಪ. ನಿನ್ನ ಕೇಳ್ಕಂಡು ಬಂದಾರೆ” ಎಂದು ಕೂಗಿ, ನನಗೆ ದಾರಿ ಬಿಟ್ಟು ಗೋಡೆಯ ಕಡೆ ಸರಿದ.

ಹೊರಗೆ ಬಂದೆ. ಆ ಮನುಷ್ಯನಿಗೆ ಹೇಳಬೇಕಾದದ್ದು ನಾಲ್ಕೇ ಮಾತು: ಟಾಕಾ ಬಿಟ್ಟದ್ದು ನಾನು, ಅಪ್ಪನಲ್ಲ. ಅಂಗಳದಲ್ಲಿ ಹೆಂಗಸರಿರಲಿಲ್ಲ, ನಗುವವರು ಯಾರೂ ಇರಲಿಲ್ಲ, ಅಪ್ಪ ಕೈಯಳತೆಯಲ್ಲಿ ನಿಂತಿದ್ದ. ನಾನು ಬಾಯಿ ತೆರೆದೆ. ಮಂಚದ ಅಳತೆ ಎಷ್ಟು ಎಂದು ಕೇಳಿದೆ.